ಟೆಸ್ಟ್ ಡ್ರೈವ್: ಹತ್ತು ನಿಮಿಷದ ಓಟ ಕಾರಿನ ಬಗ್ಗೆ ಎಷ್ಟು ಹೇಳುತ್ತದೆ?

“ಒಂದು ರೌಂಡ್ ಓಡಿಸಿ ನೋಡಿ ಸಾರ್, ಕಾರು ಹೇಗಿದೆ ಅಂತ ನಿಮಗೇ ಗೊತ್ತಾಗುತ್ತೆ.” ಷೋರೂಮಿನಲ್ಲಿ ಎಲ್ಲರೂ ಕೇಳುವ ಮಾತಿದು. ಅರ್ಧ ಮಾತ್ರ ನಿಜ. ಹೊಸ ಕಾರನ್ನು ಹತ್ತು ನಿಮಿಷ ಓಡಿಸಿದವರಿಗೆ ಮುಖ್ಯವಾಗಿ ಗೊತ್ತಾಗುವುದು ಅದು ತಮ್ಮ ಹಳೆಯ ಕಾರಿಗಿಂತ ಚೆನ್ನಾಗಿದೆ ಎಂಬುದು. ಟೊಯೋಟಾ ಕ್ಯಾಮ್ರಿ, ಮರ್ಸಿಡಿಸ್ ಸಿ-ಕ್ಲಾಸ್, ಬಿಎಂಡಬ್ಲ್ಯೂ 3 ಸೀರೀಸ್‌ನಂಥ ದೊಡ್ಡ ಸೆಡಾನ್‌ಗಳಲ್ಲಿ ಯಾವುದನ್ನು ಓಡಿಸಿದರೂ ಹಾಗೆಯೇ ಅನಿಸುತ್ತದೆ. ಇವುಗಳಲ್ಲಿ ನಮಗೆ ಯಾವುದು ಸರಿ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಓಡಿಸುವ ಕ್ರಮವೇ ಬೇರೆ.

ಮಂಗಳೂರಿನ ಬೆಂಗ್ರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದು ಕಡೆ ಫಲ್ಗುಣಿ ನದಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ, ನಡುವೆ ಮರಳಿನ ಪಟ್ಟಿ. ಬಂದರಿನಿಂದ ಫೆರಿ ಹತ್ತಿದರೆ ಕೆಲವೇ ನಿಮಿಷದ ದಾರಿ. ಕಾರಿನಲ್ಲಿ ಬರುವವರು ಮಾತ್ರ ಕೂಳೂರು ಸೇತುವೆ ದಾಟಿ ತಣ್ಣೀರುಬಾವಿ ಕಡೆಯಿಂದ ಸುತ್ತಿಕೊಂಡು ಬರಬೇಕು. ಷೋರೂಮಿನ ಮಾಮೂಲಿ ರೌಂಡ್ ಹೆದ್ದಾರಿಯಲ್ಲಿ ಹೋಗಿ ಯೂಟರ್ನ್ ಹೊಡೆದು ಬರುವುದರಲ್ಲಿ ಮುಗಿಯುತ್ತದೆ. ಮರಳು ಹರಡಿದ ರಸ್ತೆ, ಹಂಪ್‌ಗಳು, ಮನೆ ಮುಂದಿನ ಕಿರಿದಾದ ತಿರುವು ಯಾವುದೂ ಅದರಲ್ಲಿ ಬರುವುದಿಲ್ಲ. ಆದ್ದರಿಂದ ಕಾರನ್ನು ಮನೆಗೆ ತರಿಸಿಕೊಳ್ಳಿ. ಈ ಬೆಲೆಯ ಕಾರು ಮಾರುವವರು ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.

ಹೋಲಿಕೆಯ ಮೊದಲ ನಿಯಮ ಪ್ರಯೋಗಾಲಯದ್ದೇ: ಒಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಇರಬೇಕು. ಅದೇ ರಸ್ತೆ, ಅದೇ ಹೊತ್ತು, ಕಾರಿನೊಳಗೆ ಅಷ್ಟೇ ಜನ. ಟೈರಿನ ಗಾಳಿಯನ್ನೂ ನೋಡಬೇಕು. ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುವುದಕ್ಕಿಂತ ನಾಲ್ಕೈದು ಪಿಎಸ್‌ಐ ಹೆಚ್ಚು ತುಂಬಿದ್ದರೆ ಮೆತ್ತನೆಯ ಸಸ್ಪೆನ್ಷನ್ ಕೂಡ ಗಡುಸಾಗಿ ಕಾಣುತ್ತದೆ, ನಾವು ಕಂಪನಿಯನ್ನು ಬೈಯುತ್ತೇವೆ. ಇನ್ನೊಂದು, ಎರಡನೆಯದಾಗಿ ಓಡಿಸಿದ ಕಾರನ್ನು ಮನಸ್ಸು ಮೊದಲನೆಯದರ ನೆನಪಿನ ಜೊತೆ ತೂಗುತ್ತದೆ. ಆ ನೆನಪು ಬೇಗ ಮಸುಕಾಗುತ್ತದೆ. ಸಾಧ್ಯವಾದರೆ ಮೊದಲನೆಯದನ್ನು ಕೊನೆಗೆ ಇನ್ನೊಮ್ಮೆ ಓಡಿಸಿ. ಮೊದಲ ಸಲ ಕಂಡ ವ್ಯತ್ಯಾಸ ಆಗಲೂ ಕಂಡರೆ ಅದನ್ನು ನಂಬಬಹುದು.

ಈಗ ಹಂಪ್ ವಿಷಯ. “ಉದ್ದ ವೀಲ್‌ಬೇಸ್ ಇದ್ದರೆ ಹಂಪ್ ಮೇಲೆ ಹೊಟ್ಟೆ ತಾಗುತ್ತದೆ” ಎಂಬ ನಂಬಿಕೆ ಇದೆ. ಲೆಕ್ಕ ಹಾಕಿ ನೋಡಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಮಾದರಿ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅಂದರೆ ಸುಮಾರು 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು. ಕ್ಯಾಮ್ರಿಯ ವೀಲ್‌ಬೇಸ್ 2,825 ಮಿಲಿಮೀಟರ್. ನಾಲ್ಕೂ ಚಕ್ರ ಈ ಹಂಪ್ ಮೇಲಿದ್ದಾಗ ನಡುವಿನ ಉಬ್ಬು ಕಾರಿನ ತಳದ ಕಡೆಗೆ ಏರುವುದು ಸುಮಾರು 6 ಸೆಂಟಿಮೀಟರ್ ಮಾತ್ರ. ಉದ್ದ ವೀಲ್‌ಬೇಸಿನ 3 ಸೀರೀಸ್‌ಗೆ, ಅದರದ್ದು 2,961 ಮಿಲಿಮೀಟರ್, ಸುಮಾರು 6.4. ವ್ಯತ್ಯಾಸ ಅರ್ಧ ಸೆಂಟಿಮೀಟರ್! ಇಂಥ ಸೆಡಾನ್‌ಗಳ ಗ್ರೌಂಡ್ ಕ್ಲಿಯರೆನ್ಸ್ ಹೆಚ್ಚುಕಡಿಮೆ 14ರಿಂದ 16 ಸೆಂಟಿಮೀಟರ್ ಇರುವುದರಿಂದ ಎರಡೂ ಆರಾಮವಾಗಿ ದಾಟುತ್ತವೆ.

ತೊಂದರೆ ಬರುವುದು ಊರವರೇ ಸಿಮೆಂಟ್ ಹಾಕಿ ಕಟ್ಟಿದ ಗಿಡ್ಡ ಹಂಪ್‌ನಿಂದ. ಒಂದು ಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರ ಇದ್ದರೆ ಚಕ್ರಗಳೆಲ್ಲ ಸಮತಟ್ಟು ನೆಲದಲ್ಲಿರುತ್ತವೆ, ಪೂರ್ತಿ 15 ಸೆಂಟಿಮೀಟರ್ ಕಾರಿನ ಅಡಿಗೆ ಬರುತ್ತದೆ. ಅಲ್ಲಿ ವೀಲ್‌ಬೇಸಿನ ಮಾತೇ ಇಲ್ಲ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಸಾಮಾನು ಇದ್ದರೆ ಸಸ್ಪೆನ್ಷನ್ ಕುಸಿದು ಕ್ಲಿಯರೆನ್ಸ್ ಇನ್ನೂ ಕಡಿಮೆಯಾಗುತ್ತದೆ; ಬ್ರೋಷರಿನ ಅಂಕಿ ಖಾಲಿ ಕಾರಿನದ್ದಾಗಿರಬಹುದು. ಹಾಗಾಗಿ ಟೆಸ್ಟ್ ಡ್ರೈವ್‌ಗೆ ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಹೋಗಿ. ಅಮ್ಮನಿಗೆ ಮಂಡಿನೋವಿದ್ದರೆ ಅವರನ್ನೇ ಎರಡು ಸಲ ಹತ್ತಿ ಇಳಿಯಲು ಹೇಳಿ. ಸೆಡಾನ್ ಸೀಟು ತಗ್ಗು. ಕೂರುವುದಕ್ಕಿಂತ ಏಳುವುದು ಕಷ್ಟ.

ಬಾಗಿಲು “ಧಪ್” ಎಂದು ಗಟ್ಟಿಯಾಗಿ ಮುಚ್ಚಿದರೆ ಕಾರು ಭದ್ರ ಎನ್ನುವುದು ಮತ್ತೊಂದು ನಂಬಿಕೆ. ಆ ಸದ್ದು ರಬ್ಬರ್ ಸೀಲ್, ಬಾಗಿಲ ಹಾಳೆಗೆ ಅಂಟಿಸಿದ ಶಬ್ದನಿರೋಧಕ ಪದರ, ಲಾಕಿನ ವಿನ್ಯಾಸದಿಂದ ಬರುತ್ತದೆ. ಎಂಜಿನಿಯರುಗಳು ಅದನ್ನು ಕೇಳಿ ಕೇಳಿ ಹದಗೊಳಿಸಿರುತ್ತಾರೆ. ಅಪಘಾತದಲ್ಲಿ ಕಾರು ಹೇಗೆ ಕಾಯುತ್ತದೆ ಎಂಬುದನ್ನು ತಿಳಿಯಲು ಕ್ರ್ಯಾಶ್ ಟೆಸ್ಟ್ ಫಲಿತಾಂಶ ನೋಡಬೇಕು. ನಮ್ಮಲ್ಲೇ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಿಂದ ಇದೆ.

ಒಳಗಿನ ಸದ್ದನ್ನು ಹೋಲಿಸುವಾಗ ರಸ್ತೆಯ ಮೇಲೆ ಕಣ್ಣಿರಲಿ. ಮಂಗಳೂರಿನ ಬಹಳಷ್ಟು ರಸ್ತೆಗಳು ಕಾಂಕ್ರೀಟಿನವು, ಡಾಂಬರಿಗಿಂತ ಅವುಗಳ ಮೇಲೆ ಟೈರಿನ ಸದ್ದು ಸಾಮಾನ್ಯವಾಗಿ ಜಾಸ್ತಿ. ಒಂದು ಕಾರನ್ನು ಕಾಂಕ್ರೀಟಿನಲ್ಲಿ, ಇನ್ನೊಂದನ್ನು ಡಾಂಬರಿನಲ್ಲಿ ಓಡಿಸಿ ತೀರ್ಪು ಕೊಟ್ಟರೆ ಅದು ರಸ್ತೆಯ ತೀರ್ಪು. ಮ್ಯೂಸಿಕ್ ಆಫ್ ಮಾಡಿಸಿ. ಮೊಬೈಲಿನ ಡೆಸಿಬೆಲ್ ಆ್ಯಪ್ ತೋರಿಸುವ ಅಂಕಿ ನಿಖರವಲ್ಲ, ಆದರೆ ಅದೇ ಮೊಬೈಲನ್ನು ಅದೇ ಜಾಗದಲ್ಲಿಟ್ಟು ಅಳೆದರೆ ಎರಡು ಕಾರಿನ ಅಂತರ ಸಿಗುತ್ತದೆ. 3 ಡೆಸಿಬೆಲ್ ಹೆಚ್ಚೆಂದರೆ ಶಬ್ದಶಕ್ತಿ ಇಮ್ಮಡಿ, ಕಿವಿಗೆ ಮಾತ್ರ ಅದು ಸಣ್ಣ ವ್ಯತ್ಯಾಸ. ಇಮ್ಮಡಿ ಜೋರು ಅನಿಸುವುದು ಸುಮಾರು 10 ಡೆಸಿಬೆಲ್‌ಗೆ.

ಎಸಿ ಪರೀಕ್ಷೆಗೆ ಮಟಮಟ ಮಧ್ಯಾಹ್ನವೇ ಸರಿ. ಬೆಂಗಳೂರಿನಲ್ಲಿ ಓಡಿಸಿದ ಸಂಬಂಧಿಕರ ಮಾತು ಇಲ್ಲಿ ನಡೆಯುವುದಿಲ್ಲ. 33 ಡಿಗ್ರಿ ಬಿಸಿಯ, ಶೇ 70 ತೇವಾಂಶದ ಒಂದು ಕಿಲೋ ಗಾಳಿಯನ್ನು 12 ಡಿಗ್ರಿಗೆ ಇಳಿಸಲು ಬೇಕಾಗುವುದು ಸುಮಾರು 21 ಕಿಲೋಜೂಲ್. ಅದರಲ್ಲಿನ ನೀರಾವಿಯನ್ನು ನೀರಾಗಿಸಲು ಇನ್ನೂ 33 ಕಿಲೋಜೂಲ್. ಕರಾವಳಿಯಲ್ಲಿ ಎಸಿಯ ಅರ್ಧಕ್ಕಿಂತ ಹೆಚ್ಚು ಶ್ರಮ ತೇವ ಹಿಂಡುವುದಕ್ಕೇ ಹೋಗುತ್ತದೆ. ಎಲ್ಲರೂ ಕೂತು, ಹೊರಗಾಳಿ ಒಳಬರುವಂತೆ ಇಟ್ಟು ನೋಡಿ; ಹಿಂದಿನ ಸೀಟಿನವರಿಗೆ ತಂಪಾಗಲು ಎಷ್ಟು ನಿಮಿಷ ಬೇಕಾಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಆಮೇಲೆ ಕಾರಿನಡಿ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಅದು ಹಿಂಡಿದ ತೇವವೇ.

ಟೆಸ್ಟ್ ಡ್ರೈವ್‌ನಲ್ಲಿ ಎಷ್ಟು ಓಡಿಸಿದರೂ ಕಾಣದಿರುವುದು ತುಕ್ಕು. ಕಡಲ ಅಲೆ ಒಡೆದಾಗ ಏಳುವ ಉಪ್ಪಿನ ಕಣಗಳು ದಡದ ಹತ್ತಿರವೇ ಅತಿ ಹೆಚ್ಚು ಬೀಳುತ್ತವೆ. ಬೆಂಗ್ರೆಯ ಮನೆಗಳಿರುವುದೇ ಆ ವಲಯದಲ್ಲಿ. ಗಾಳಿಯ ತೇವಾಂಶ ಶೇ 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರೂರುತ್ತದೆ; ಮಳೆಗಾಲದಲ್ಲಿ ಉಪ್ಪಿನ ಭರಣಿಯಲ್ಲಿ ಕಾಣುವುದು ಅದನ್ನೇ. ಕಾರಿನ ಮೇಲೆ ಕೂತ ಉಪ್ಪೂ ಹಾಗೆಯೇ ತೆಳು ಉಪ್ಪುನೀರಾಗಿ ಕಬ್ಬಿಣವನ್ನು ತಿನ್ನುತ್ತದೆ. ದುಬಾರಿ ಕಾರಿನ ಉಕ್ಕಿಗೆ ಸತುವಿನ ಲೇಪ ಇರುತ್ತದೆ, ಅದು ತುಕ್ಕನ್ನು ತಡಮಾಡುತ್ತದೆ, ತಪ್ಪಿಸುವುದಿಲ್ಲ. ಒದ್ದೆ ಕಾರಿಗೆ ಕವರ್ ಹೊದಿಸಿದರೆ ಉಪ್ಪು, ತೇವ ಎರಡನ್ನೂ ಒಳಗೇ ಕೂಡಿಹಾಕಿದಂತೆ. ಸಿಹಿನೀರಿನಲ್ಲಿ ತಳಭಾಗವನ್ನೂ ಸೇರಿಸಿ ತೊಳೆದು ಒಣಗಲು ಬಿಡುವುದು ಮೇಲು.

ಬುಕಿಂಗ್‌ಗೆ ಮೊದಲು ತುಕ್ಕಿನ ವಾರಂಟಿಯ ಕಾಗದ ಕೇಳಿ ಓದಿ. ಎಷ್ಟೋ ವಾರಂಟಿಗಳು ಒಪ್ಪುವುದು ಬಾಡಿಯ ತಗಡು ಒಳಗಿನಿಂದ ತುಕ್ಕು ಹಿಡಿದು ತೂತಾದರೆ ಮಾತ್ರ. ಮೇಲ್ಮೈ ತುಕ್ಕು, ಸೈಲೆನ್ಸರ್, ಬೋಲ್ಟುಗಳು ಅದರಲ್ಲಿ ಸೇರಿರುವುದಿಲ್ಲ.