ಮೀನುಮರಿಯ ಅಪ್ಪ ಅಮ್ಮ ಯಾರು?

ಆಡು ಸಾಕಲು ತರುವವರು ಅದರ ತಾಯಿಯನ್ನು ಒಮ್ಮೆ ನೋಡದೆ ದುಡ್ಡು ಎಣಿಸುವುದಿಲ್ಲ. ಒಂದು ಸೂಲಿಗೆ ಎಷ್ಟು ಮರಿ ಹಾಕಿತ್ತು, ಹಾಲು ಎಷ್ಟಿತ್ತು ಎಂದೆಲ್ಲ ಕೇಳುತ್ತಾರೆ. ಮೀನುಮರಿ ತರುವಾಗ ಮಾತ್ರ ನಮ್ಮದು ಎರಡೇ ಪ್ರಶ್ನೆ: ಸಾವಿರಕ್ಕೆ ಎಷ್ಟು, ಮರಿ ಎಷ್ಟು ಇಂಚು. ಮಂಜೇಶ್ವರ, ಕುಂಬಳೆ ಕಡೆ ಗಲ್ಫ್ ಬಿಟ್ಟು ಬಂದವರು ತೋಟದ ಮೂಲೆಯಲ್ಲಿ ಹೊಂಡ ತೋಡಿ, ಟಾರ್ಪಾಲು ಹಾಸಿ ರೋಹುವೋ ತಿಲಾಪಿಯಾವೋ ಬಿಟ್ಟದ್ದು ನಾನು ಬೇಕಾದಷ್ಟು ಕಂಡಿದ್ದೇನೆ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮರಿ ಬರುತ್ತದೆ, ಎಣಿಸಿ ಬಿಡುತ್ತೇವೆ. ಆರು ತಿಂಗಳಾದ ಮೇಲೆ ಮೀನು ಬೆಳೆಯಲಿಲ್ಲ ಎಂದಾದರೆ ತಪ್ಪು ನೀರಿನದ್ದು, ಇಲ್ಲವೇ ತಿಂಡಿಯದ್ದು. ಆ ಮರಿಯ ಅಪ್ಪ ಅಮ್ಮ ಯಾರು ಎಂದು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು 1980ರ ದಶಕದಲ್ಲಿ ಕರ್ನಾಟಕದ ಹ್ಯಾಚರಿಗಳಿಗೆ ಹೋಗಿ ಕೇಳಿದವರಿದ್ದಾರೆ. ಅವರ ಹೆಸರು ಅಂಬೇಕರ್ ಏಕನಾಥ್. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ರೋಜರ್ ಡಾಯ್ಲ್ ಅವರ ಜೊತೆ ಸೇರಿ ಅವರು ಮಾಡಿದ ಲೆಕ್ಕವನ್ನು ಮೀನಿನ ತಳಿಶಾಸ್ತ್ರ ಓದುವವರು ಇಂದಿಗೂ ಉದಾಹರಣೆಯಾಗಿ ಹೇಳುತ್ತಾರೆ. ನಮ್ಮಲ್ಲಿ ಅದು ಅಷ್ಟಾಗಿ ಗೊತ್ತಿಲ್ಲ.

ಅವರ ಪ್ರಶ್ನೆ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ರೋಹು, ಕಾಟ್ಲಾ, ಮೃಗಾಲ್ ನಿಂತ ನೀರಿನಲ್ಲಿ ಬೆಳೆಯುತ್ತವೆ, ಮೊಟ್ಟೆ ಇಡುವುದಿಲ್ಲ. ಮಳೆಗಾಲದ ನೆರೆ ನೀರು ಬೇಕು. ಆದ್ದರಿಂದ ಹಿಂದೆ ಗಂಗಾ ಬಯಲಿನ ನದಿಗಳಲ್ಲಿ ಬಲೆ ಕಟ್ಟಿ ಮರಿ ಹಿಡಿಯುತ್ತಿದ್ದರು. ಅದರಲ್ಲಿ ಬೇಕಾದ ಮೀನೂ ಇರುತ್ತಿತ್ತು, ಬೇಡದ್ದೂ ಇರುತ್ತಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಬೇರೆ ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಮೀನುಗಳಿಂದ ಕೊಳದಲ್ಲೇ ಮೊಟ್ಟೆ ಇಡಿಸಿದರು. ಇಂದಿಗೂ ಜುಲೈ 10ನ್ನು ದೇಶದಲ್ಲಿ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಆ ಕೆಲಸದಲ್ಲಿ ಅವರ ಜೊತೆಗಿದ್ದವರು ಕೆ. ಎಚ್. ಅಲಿಕುಂಞಿ. ಹೆಸರು ಕೇಳಿದ ಕೂಡಲೇ ನಮ್ಮವರ ಕಿವಿ ನೆಟ್ಟಗಾಗುತ್ತದೆ, ಆದರೆ ನಮ್ಮ ಮಕ್ಕಳ ಯಾವ ಪಾಠದಲ್ಲೂ ನಾನು ಆ ಹೆಸರು ಕಂಡಿಲ್ಲ.

ಇಲ್ಲೇ ಒಂದು ಮಾತು. 'ಅದು ಇಂಜೆಕ್ಷನ್ ಮೀನು, ತಿನ್ನಬಾರದು' ಎಂದು ಹೇಳುವವರು ನಮ್ಮೂರಲ್ಲಿ ಇದ್ದಾರೆ. ಇಂಜೆಕ್ಷನ್ ಚುಚ್ಚುವುದು ತಾಯಿ ಮೀನಿಗೆ, ಗಂಡು ಮೀನಿಗೆ. ಅದೂ ಮೊಟ್ಟೆ ಬಿಡಿಸಲಿಕ್ಕೆ. ನಾವು ತಿನ್ನುವ ಮರಿಗೆ ಯಾರೂ ಸೂಜಿ ಚುಚ್ಚಿಲ್ಲ.

ಚೌಧುರಿಯವರ ವಿಧಾನದಿಂದ ಊರೂರಲ್ಲಿ ಹ್ಯಾಚರಿ ಎದ್ದವು. ದೊಡ್ಡ ಉಪಕಾರವೇ ಆಯಿತು. ಆದರೆ ಅದರ ಒಳಗೆ ಒಂದು ತೊಡಕು ಅಡಗಿತ್ತು. ರೋಹು ಹೆಣ್ಣು ಮೀನು ತನ್ನ ಒಂದು ಕಿಲೋ ತೂಕಕ್ಕೆ ಎರಡರಿಂದ ಮೂರು ಲಕ್ಷ ಮೊಟ್ಟೆ ಇಡುತ್ತದೆ. ಎರಡು ಕಿಲೋದ ಒಂದೇ ಒಂದು ಮೀನು ಸಾಕು, ಲಕ್ಷಗಟ್ಟಲೆ ಮರಿ. ಹಾಗಿರುವಾಗ ಹ್ಯಾಚರಿಯವರು ನೂರಾರು ತಾಯಿ ಮೀನು ಯಾಕೆ ಸಾಕಬೇಕು? ಅದಕ್ಕೆ ಹೊಂಡ ಬೇಕು, ತಿಂಡಿ ಬೇಕು, ಆಳು ಬೇಕು. ನಾಲ್ಕಾರು ಮೀನು ಇಟ್ಟುಕೊಂಡರೂ ವ್ಯಾಪಾರ ನಡೆಯುತ್ತದೆ. ಮುಂದಿನ ಸಲಕ್ಕೆ ಬೇಕಾದ ತಾಯಿ ಮೀನುಗಳನ್ನೂ ಅದೇ ಮರಿಗಳಿಂದ ಎತ್ತಿಟ್ಟುಕೊಳ್ಳುತ್ತಾರೆ. ಅಂದರೆ ಅಣ್ಣ ತಂಗಿಯರನ್ನೇ.

ಗಂಗೆಯ ದಡದ ಹ್ಯಾಚರಿಯವನು ಬೇಕೆಂದರೆ ನದಿಯಿಂದ ಹೊಸ ಮೀನು ಹಿಡಿದು ತರಬಹುದು. ಕರ್ನಾಟಕದವನಿಗೆ ಆ ದಾರಿ ಇಲ್ಲ. ರೋಹು ಮೂಲದಲ್ಲಿ ನಮ್ಮ ಕಾವೇರಿಯ ಮೀನಲ್ಲ, ಉತ್ತರದಿಂದ ಬಂದದ್ದು. ಬಂದ ಮೀನುಗಳ ಸಂತತಿಯೇ ಸುತ್ತಿ ಸುತ್ತಿ ಬರಬೇಕು.

ಏಕನಾಥ್ ಮತ್ತು ಡಾಯ್ಲ್ ಕರ್ನಾಟಕದ 18 ಹ್ಯಾಚರಿಗಳ ಲೆಕ್ಕ ತೆಗೆದು 1990ರಲ್ಲಿ ಪ್ರಕಟಿಸಿದರು. ಕೊಳದಲ್ಲಿ ಎಷ್ಟು ಮೀನು ಇದೆ ಎಂಬುದಲ್ಲ, ಮುಂದಿನ ತಲೆಮಾರಿಗೆ ನಿಜವಾಗಿ ತಂದೆ ತಾಯಿ ಆಗುವವು ಎಷ್ಟು ಎಂಬುದು ಮುಖ್ಯ. ಇದಕ್ಕೊಂದು ಸರಳ ಸೂತ್ರವಿದೆ. ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸುವುದು. ಬಂದ ಉತ್ತರವನ್ನು ಎರಡರಿಂದ ಗುಣಿಸಿ, ಒಂದನ್ನು ಅದರಿಂದ ಭಾಗಿಸಿದರೆ ಒಂದು ತಲೆಮಾರಿನಲ್ಲಿ ರಕ್ತಸಂಬಂಧ ಎಷ್ಟು ಬಿಗಿಯಾಯಿತು ಎಂದು ಸಿಗುತ್ತದೆ. ಡಿಪ್ಲೊಮಾದಲ್ಲಿ ಗೇರ್ ಲೆಕ್ಕ ಮಾಡಿದವನಿಗೆ ಇದೇನೂ ಕಷ್ಟವಲ್ಲ. ಮೂರು ಹೆಣ್ಣು, ಆರು ಗಂಡು ಇಟ್ಟುಕೊಂಡರೆ ಉತ್ತರ 8, ತಲೆಮಾರಿಗೆ ಶೇ. 6.25. ಸೋದರಮಾವನ ಮಗಳನ್ನು ಮದುವೆಯಾದವರ ಮಗುವಿಗೆ ಬರುವ ಅಂಕಿಯೂ ಅದೇ 6.25. ಸ್ವಂತ ಅಕ್ಕನ ಮಗಳನ್ನು ಆದರೆ 12.5.

18 ಹ್ಯಾಚರಿಗಳಲ್ಲಿ ಅವರಿಗೆ ಸಿಕ್ಕಿದ್ದು ತಲೆಮಾರಿಗೆ ಶೇ. 2ರಿಂದ 17. ಮೇಲಿನ ತುದಿಯ ಹ್ಯಾಚರಿಯಲ್ಲಿ ಅದು ಅಕ್ಕನ ಮಗಳ ಮದುವೆಗಿಂತ ಹೆಚ್ಚು. ಮನುಷ್ಯರಲ್ಲಿ ಅಂಥ ಮದುವೆ ಒಂದು ಮನೆಯ ವಿಷಯವಾಗಿ ಮುಗಿಯಬಹುದು. ಇಲ್ಲಿ ಇಡೀ ಕೊಳದ ವಿಷಯ, ಮತ್ತು ಪ್ರತಿ ತಲೆಮಾರಿಗೂ ಮೇಲಿಂದ ಮೇಲೆ ಸೇರುತ್ತ ಹೋಗುವ ವಿಷಯ. ಬೆಳವಣಿಗೆ ಕುಗ್ಗುತ್ತದೆ, ಮರಿ ಸಾಯುವುದು ಹೆಚ್ಚುತ್ತದೆ, ಬೆನ್ನು ಗೂನಾದ ಮೀನು ಹುಟ್ಟುತ್ತದೆ.

ಇದಕ್ಕೂ ಮೊದಲು, 1985ರಲ್ಲಿ, ಅವರು ಇನ್ನೊಂದು ವಿಷಯ ಬರೆದಿದ್ದರು: ಪರೋಕ್ಷ ಆಯ್ಕೆ. ಹ್ಯಾಚರಿಯವನು 'ನಾನು ಯಾವ ತಳಿಯನ್ನೂ ಆರಿಸಿಲ್ಲ' ಎಂದರೂ ಅವನ ರೂಢಿಯೇ ಆರಿಸಿಬಿಡುತ್ತದೆ. ಬೇಗ ದೊಡ್ಡದಾದ ಮೀನನ್ನು ಮಾರಿ, ಉಳಿದದ್ದನ್ನು ಮರಿಗಾಗಿ ಇಟ್ಟುಕೊಂಡರೆ ನಿಧಾನ ಬೆಳೆಯುವುದನ್ನೇ ಆರಿಸಿದ ಹಾಗೆ. ನನ್ನ ಉಪ್ಪ ಅಂಗಡಿಯಲ್ಲಿ ಒಳ್ಳೆ ತೆಂಗಿನಕಾಯಿ ಗಿರಾಕಿಗೆ ಕೊಟ್ಟು, ಉಳಿದದ್ದನ್ನು ಮನೆಗೆ ತರುತ್ತಿದ್ದರು. ಸಾರಿಗೆ ಅದು ನಡೆಯುತ್ತದೆ, ಆದರೆ ಸಸಿ ಮಾಡಲು ಅಂಥ ಕಾಯಿಯನ್ನು ಉಮ್ಮ ಎಂದೂ ನೆಟ್ಟವರಲ್ಲ.

ಆಮೇಲೆ ಏಕನಾಥ್ ಫಿಲಿಪ್ಪೀನ್ಸ್‌ನಲ್ಲಿ ತಿಲಾಪಿಯಾದ ಕೆಲಸಕ್ಕೆ ಸೇರಿದರು. ಗಿಫ್ಟ್ ಎಂದು ನಮ್ಮ ಕಡೆ ಬೋರ್ಡ್ ಹಾಕಿ ಮಾರುತ್ತಾರಲ್ಲ, ಆ ತಳಿ ಹುಟ್ಟಿದ್ದು ಅಲ್ಲಿ. ಏಷ್ಯಾದ ಕೊಳಗಳ ತಿಲಾಪಿಯಾ ಕೂಡ ಹಿಂದೊಮ್ಮೆ ಆಫ್ರಿಕಾದಿಂದ ಬಂದ ಕೆಲವೇ ಮೀನುಗಳ ಸಂತತಿ, ರೋಗ ಅದೇ. ಆದ್ದರಿಂದ ತಂಡದವರು 1988–89ರಲ್ಲಿ ಈಜಿಪ್ಟ್, ಘಾನಾ, ಕೆನ್ಯಾ, ಸೆನೆಗಲ್‌ನಿಂದ ಕಾಡು ಮೀನು ತಂದು, ಏಷ್ಯಾದಲ್ಲಿ ಸಾಕುತ್ತಿದ್ದ ನಾಲ್ಕು ತಳಿಗಳ ಜೊತೆ 11 ಬೇರೆ ಬೇರೆ ಪರಿಸ್ಥಿತಿಗಳಲ್ಲಿ ಬೆಳೆಸಿ ನೋಡಿದರು. 1993ರಲ್ಲಿ ಏಕನಾಥ್ ಮೊದಲ ಲೇಖಕರಾಗಿ ಅದು ಪ್ರಕಟವಾಯಿತು. ಘಾನಾದ್ದನ್ನು ಬಿಟ್ಟರೆ ಕಾಡಿನಿಂದ ನೇರ ಬಂದ ಮೀನು ಸಾಕಿದ ಮೀನಿಗೆ ಸಮ, ಕೆಲವು ಅದಕ್ಕಿಂತ ಮೇಲು! ವರ್ಷಗಟ್ಟಲೆ ಸಾಕಿ ನಾವು ಸುಧಾರಿಸಿದ್ದು ಏನೂ ಇರಲಿಲ್ಲ. ಎಲ್ಲವನ್ನೂ ಬೆರೆಸಿ, ಕುಟುಂಬ ಕುಟುಂಬವಾಗಿ ಅಳೆದು, ಚೆನ್ನಾಗಿ ಬೆಳೆದ ಕುಟುಂಬದ ಮೀನುಗಳನ್ನು ಆರಿಸುತ್ತ ಹೋದಾಗ ತಲೆಮಾರಿಗೆ ಶೇ. 12ರಿಂದ 17 ಬೆಳವಣಿಗೆ ಹೆಚ್ಚಿತು.

ಗಿಫ್ಟ್ ಎಂದರೆ ಜೀನ್ ಸೇರಿಸಿದ ಮೀನು ಎಂದು ವಾಟ್ಸಾಪಿನಲ್ಲಿ ಬರುವುದುಂಟು. ಅಲ್ಲ. ಬೇರೆ ಯಾವ ಪ್ರಾಣಿಯ ಜೀನೂ ಅದರಲ್ಲಿಲ್ಲ. ಅಜ್ಜಂದಿರು ಬೀಜದ ಭತ್ತ ಆರಿಸಿದ ಹಾಗೆ, ಪುಸ್ತಕದಲ್ಲಿ ಲೆಕ್ಕ ಬರೆದು ಆರಿಸಿದ್ದು, ಅಷ್ಟೆ. ಬರೀ ಗಂಡು ಮರಿ ಸಿಗಲೆಂದು ಹ್ಯಾಚರಿಯಲ್ಲಿ ಹಾರ್ಮೋನ್ ಬೆರೆಸಿದ ತಿಂಡಿ ಕೊಡುವುದು ಬೇರೆಯೇ ವಿಷಯ. ಅದರ ಬಗ್ಗೆ ಕೇಳುವುದಿದ್ದರೆ ಅದನ್ನೇ ಕೇಳಬೇಕು, ಎರಡನ್ನೂ ಕಲಸಬಾರದು.

ಈ ಕುಟುಂಬದ ಲೆಕ್ಕದ ವಿದ್ಯೆ ನಾರ್ವೆಯದ್ದು. 1970ರ ದಶಕದ ಆರಂಭದಲ್ಲಿ ಅಲ್ಲಿ ಸುಮಾರು 40 ನದಿಗಳಿಂದ ಸಾಲ್ಮನ್ ಮೊಟ್ಟೆ ತಂದು ತಳಿ ಕೆಲಸ ಶುರು ಮಾಡಿದರು. ಅದರ ಮುಖ್ಯ ವಿಜ್ಞಾನಿಗಳಲ್ಲಿ ಒಬ್ಬರಾದ ಟ್ರಿಗ್ವೆ ಯೇಡ್ರೆಮ್ ಮೊದಲು ಕುರಿ ತಳಿಯ ಮೇಲೆ ಕೆಲಸ ಮಾಡಿದವರು. ಕುರಿಗೆ ಕೇಳುವ ಪ್ರಶ್ನೆಯನ್ನೇ ಮೀನಿಗೂ ಕೇಳಿದರು.

ನಾರ್ವೆಯ ಅದೇ ಸಂಸ್ಥೆಯ ಜೊತೆ ಭುವನೇಶ್ವರದ ಹತ್ತಿರ ಕೌಸಲ್ಯಗಂಗಾದಲ್ಲಿರುವ ಕೇಂದ್ರ ಸಿಹಿನೀರು ಮೀನು ಕೃಷಿ ಸಂಸ್ಥೆ ಸೇರಿಕೊಂಡದ್ದು 1992ರಲ್ಲಿ. ಗಂಗಾ, ಯಮುನಾ, ಗೋಮತಿ, ಸತ್ಲಜ್, ಬ್ರಹ್ಮಪುತ್ರಾ, ಹೀಗೆ ಐದು ನದಿಗಳ ರೋಹು, ಜೊತೆಗೆ ಸಂಸ್ಥೆಯ ಕೊಳದ್ದೊಂದು ಗುಂಪು. ಮರಿ ದೊಡ್ಡದಾಗುವವರೆಗೆ ಒಂದೊಂದು ಕುಟುಂಬವನ್ನು ಬೇರೆ ಬೇರೆ ಕೊಳದಲ್ಲಿ ಸಾಕಿ, ಆಮೇಲೆ ಪ್ರತಿ ಮೀನಿನ ಹೊಟ್ಟೆಯೊಳಗೆ ಅಕ್ಕಿಕಾಳಿನಂಥ ಗುರುತಿನ ಚಿಪ್ ಇಟ್ಟು ಒಟ್ಟಿಗೆ ಬಿಟ್ಟರು. ಆಗ ಯಾರ ಮಗ ಯಾರು ಎಂದು ತಪ್ಪುವುದಿಲ್ಲ. ತಲೆಮಾರಿಗೆ ಸುಮಾರು ಶೇ. 17ರಷ್ಟು ಬೆಳವಣಿಗೆ ಹೆಚ್ಚಿತು. ಸ್ವಾತಂತ್ರ್ಯದ 50ನೇ ವರ್ಷದ ನೆನಪಿಗೆ ಅದಕ್ಕೆ ಜಯಂತಿ ಎಂದು ಹೆಸರಿಟ್ಟರು. ನಮ್ಮ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ಎಸ್. ಅಯ್ಯಪ್ಪನ್ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು. ಮುಂದೆ ಏಕನಾಥ್ ಕೂಡ ಅದೇ ಕುರ್ಚಿಯಲ್ಲಿ ಕುಳಿತರು.

ನಮ್ಮಲ್ಲಿ ರೋಹು ಎಂದರೆ ಮೂಗು ಮುರಿಯುವವರೇ ಹೆಚ್ಚು, ಬೂತಾಯಿ ಬಂಗುಡೆಯ ನಾಲಗೆ ನಮ್ಮದು. ಆದರೂ ಹೊಂಡ ಮಾಡುವವರು ಹೆಚ್ಚುತ್ತಿದ್ದಾರೆ, ಸಾಲ ತೆಗೆದೂ ಮಾಡುತ್ತಿದ್ದಾರೆ. ನನ್ನ ಒಬ್ಬ ಮಾಮ ಹೋದ ವರ್ಷ 'ಜಯಂತಿ ಮರಿಯೇ ತಂದಿದ್ದೇನೆ, ಇನ್ನು ಹೆದರಿಕೆ ಇಲ್ಲ' ಎಂದರು. ಎಲ್ಲಿಂದ ಎಂದರೆ ಒಬ್ಬರು ಖಾಸಗಿಯವರಿಂದ. ಅವರು ತಾಯಿ ಮೀನು ಯಾವ ವರ್ಷ ತಂದದ್ದು, ಎಷ್ಟು ಜೋಡಿ ತಂದದ್ದು ಎಂದು ಕೇಳಿದ್ದೀರಾ ಎಂದೆ. ಕೇಳಿರಲಿಲ್ಲ. ಐದು ನದಿಯ ಮೀನಾದರೂ, ತಂದವರು ಒಂದು ಹೆಣ್ಣು ಎರಡು ಗಂಡಿನಿಂದಲೇ ಮುಂದಿನ ತಾಯಿ ಮೀನು ಮಾಡಿಕೊಂಡರೆ ಒಂದೇ ತಲೆಮಾರಿಗೆ ಶೇ. 18.75. ಮಾಮ ಮೊಬೈಲಿನಲ್ಲಿ ಎರಡು ಸಲ ಲೆಕ್ಕ ಹಾಕಿ ನೋಡಿದರು, ಆಮೇಲೆ ಅಲ್ಲೇ ಕುಳಿತು ಮರಿ ಕೊಟ್ಟವರಿಗೆ ಫೋನ್ ಮಾಡಿದರು.