ನಿಲ್ಲುವುದರ ಚರಿತ್ರೆ: ಬ್ರೇಕಿಗೆ ಗಾಳಿ ಹುಡುಕಿದ ಕಥೆ

ಮೋಟಾರು ಕಾರಿನ ಚರಿತ್ರೆ ಓದುವಾಗಲೆಲ್ಲ ನನಗೊಂದು ಕೊರತೆ ಕಾಣುತ್ತದೆ. ಎಂಜಿನ್ನಿಗೆ ಅಧ್ಯಾಯಗಟ್ಟಲೆ ಜಾಗವಿರುತ್ತದೆ. ಎಷ್ಟು ಅಶ್ವಶಕ್ತಿ, ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕಗಳಿರುತ್ತವೆ. ಹಾಗೆ ಓಡಿದ ಗಾಡಿ ನಿಂತದ್ದು ಹೇಗೆ ಎಂಬುದಕ್ಕೆ ಎರಡು ಸಾಲು ಸಿಕ್ಕರೆ ಹೆಚ್ಚು. ರೇಸಿನ ನೂರು ವರ್ಷಗಳನ್ನು ಬ್ರೇಕಿನ ಕಡೆಯಿಂದ ನೋಡಿದರೆ ಬೇರೆಯೇ ಕಥೆ ಎದ್ದು ಬರುತ್ತದೆ. ಅದು ಬಿಸಿಯ ಕಥೆ; ಆ ಬಿಸಿಯನ್ನು ಎಲ್ಲಿಗೆ ಕಳಿಸಬೇಕು ಎಂದು ಜನ ತಲೆಕೆಡಿಸಿಕೊಂಡ ಕಥೆ.

ಬ್ರೇಕು ವೇಗವನ್ನು ಅಳಿಸುವುದಿಲ್ಲ, ಬಿಸಿಯಾಗಿ ಬದಲಿಸುತ್ತದೆ. ಸುಮಾರು 1,100 ಕಿಲೋ ತೂಕದ ಕಾರು ಗಂಟೆಗೆ 140 ಕಿ.ಮೀ. ವೇಗದಿಂದ 60ಕ್ಕೆ ಇಳಿಯುವಾಗ ಹುಟ್ಟುವ ಬಿಸಿ ಎರಡು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಅದೆಲ್ಲ ಮೂರು ಸೆಕೆಂಡಿನ ಆಸುಪಾಸಿನಲ್ಲಿ ಆಗಿಬಿಡುತ್ತದೆ. ಬಿಸಿಯ ದೊಡ್ಡ ಪಾಲು ಮುಂದಿನ ಎರಡು ಚಕ್ರಗಳದ್ದು. ಊರಿನ ರಸ್ತೆಯಲ್ಲಿ ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ಬ್ರೇಕು ತಣ್ಣಗಾಗಿರುತ್ತದೆ. ರೇಸ್ ಟ್ರ್ಯಾಕಿನಲ್ಲಿ ಮುಂದಿನ ತಿರುವು ಅಷ್ಟು ಕಾಯುವುದಿಲ್ಲ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಮುಂದಿನ ಲಾರಿಯಿಂದ ಬರುವ ಸುಟ್ಟ ವಾಸನೆ ಗೊತ್ತಿರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದ. ಬಯಲಿನಲ್ಲಿ ತಿರುಗುವ ತಟ್ಟೆಯನ್ನು ಎರಡು ಕಡೆಯಿಂದ ಹಿಡಿಯುವ ಉಪಾಯ ಅದು. ಆದರೆ ಅವನ ಕಾಲದಲ್ಲಿ ತಟ್ಟೆಗೆ ಒತ್ತಲು ಸಿಕ್ಕದ್ದು ತಾಮ್ರ. ಧೂಳಿನ ರಸ್ತೆಯಲ್ಲಿ ಅದು ಬೇಗ ಸವೆಯುತ್ತಿತ್ತು. ಡರ್ಬಿಶೈರಿನ ಹರ್ಬರ್ಟ್ ಫ್ರೂಡ್ 1897ರಿಂದ ಗಾಡಿಗಳ ಬ್ರೇಕಿಗೆ ಉಜ್ಜುಪಟ್ಟಿಗಳನ್ನು ತಯಾರಿಸಲು ತೊಡಗಿದ. ಅವನ ಹೆಸರಿನ ಅಕ್ಷರಗಳನ್ನೇ ತಿರುವಿಹಾಕಿ ಫೆರೋಡೊ ಎಂಬ ಹೆಸರು ಹುಟ್ಟಿತು. ಮುಂದೆ ಬಿಸಿ ತಡೆಯಲು ಕಲ್ನಾರು ಬಂತು. ಆ ಕಲ್ನಾರಿನ ಧೂಳು ಕಾರ್ಮಿಕರ ಶ್ವಾಸಕೋಶಗಳನ್ನು ತಿಂದ ಸಂಗತಿ ಈ ಚರಿತ್ರೆಯ ಕರಾಳ ಅಡಿಟಿಪ್ಪಣಿ.

ಲ್ಯಾಂಚೆಸ್ಟರನ ತಟ್ಟೆ ಮೂಲೆ ಸೇರಿ, ಅರ್ಧ ಶತಮಾನ ಡ್ರಮ್ ಬ್ರೇಕಿನ ಆಳ್ವಿಕೆ ನಡೆಯಿತು. ಡ್ರಮ್ ಎಂದರೆ ಮುಚ್ಚಿದ ಪಾತ್ರೆ: ಉಜ್ಜುವ ಕೆಲಸ ಒಳಗೆ, ಬಿಸಿಯೂ ಒಳಗೆ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲನ್ನು ಇನ್ನೂ ಆಳಕ್ಕೆ ತುಳಿಯಬೇಕಾಗುತ್ತದೆ. ಹಾಗಾಗಿ ಎಂಜಿನಿಯರುಗಳ ಜಾಣ್ಮೆಯೆಲ್ಲ ಡ್ರಮ್ಮಿಗೆ ಗಾಳಿ ಮುಟ್ಟಿಸುವುದರಲ್ಲಿ ಖರ್ಚಾಯಿತು. 1924ರ ಬುಗಾಟಿ ಟೈಪ್ 35ರ ಅಲ್ಯೂಮಿನಿಯಂ ಚಕ್ರವನ್ನು ನೋಡಿ. ಅದರ ಎಂಟು ಚಪ್ಪಟೆ ಕಡ್ಡಿಗಳ ಅಂದವನ್ನು ಇಂದಿಗೂ ಹೊಗಳುತ್ತಾರೆ. ಡ್ರಮ್ಮನ್ನೂ ಚಕ್ರವನ್ನೂ ಒಂದಾಗಿ ಎರಕ ಹೊಯ್ದು, ಬಿಸಿಗೆ ಹೊರದಾರಿ ಮಾಡಿಕೊಟ್ಟ ಚಕ್ರ ಅದು.

ಡಿಸ್ಕ್ ಮರಳಿ ಬಂದದ್ದು ವಿಮಾನದ ದಾರಿಯಿಂದ. ವಿಮಾನಗಳಿಗೆ ಡಿಸ್ಕ್ ಬ್ರೇಕ್ ಮಾಡುತ್ತಿದ್ದ ಡನ್‌ಲಪ್, ಜಾಗ್ವಾರ್ ಜೊತೆ ಸೇರಿ ಅದನ್ನು ಕಾರಿಗೆ ಪಳಗಿಸಿತು. 1952ರಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಸ್ಟರ್ಲಿಂಗ್ ಮಾಸ್ ಇಂಥ ಕಾರಿನಲ್ಲಿ ಗೆದ್ದ. ಮರುವರ್ಷ ಲೆ ಮಾನ್ಸ್‌ನ 24 ಗಂಟೆಗಳ ಓಟದಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಜೋಡಿ ಗಂಟೆಗೆ ಸರಾಸರಿ 170 ಕಿ.ಮೀ. ವೇಗದಲ್ಲಿ ಗೆದ್ದಿತು. ಆರು ಕಿಲೋಮೀಟರಿನ ಮಲ್ಸಾನ್ ನೇರದಾರಿಯ ತುದಿಯಲ್ಲಿ ಉಳಿದವರಿಗಿಂತ ತಡವಾಗಿ, ಆದರೂ ಭರವಸೆಯಿಂದ ಬ್ರೇಕ್ ಒತ್ತಬಹುದಾಗಿತ್ತು. ಅದು ಅವರ ದೊಡ್ಡ ಬಲ.

1955ರಲ್ಲೂ ಮರ್ಸಿಡಿಸ್ ಡ್ರಮ್ಮನ್ನು ಬಿಟ್ಟಿರಲಿಲ್ಲ. ಕೊರತೆ ತುಂಬಲು ಚಾಲಕನ ಬೆನ್ನ ಹಿಂದೆ ರೆಕ್ಕೆಯಂತೆ ಏಳುವ ದೊಡ್ಡ ಹಲಗೆಯೊಂದನ್ನು ಇಟ್ಟು, ಗಾಳಿಯನ್ನೇ ಬ್ರೇಕ್ ಮಾಡಿಕೊಂಡಿತು. ಆ ವರ್ಷದ ಜೂನ್ 11ರಂದು ಲೆ ಮಾನ್ಸ್‌ನಲ್ಲಿ ಮೈಕ್ ಹಾಥಾರ್ನ್ ತನ್ನ ಜಾಗ್ವಾರನ್ನು ಪಿಟ್ ಕಡೆಗೆ ತಿರುಗಿಸಿ ಬ್ರೇಕ್ ಹಿಡಿದ. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್ ತಪ್ಪಿಸಿಕೊಳ್ಳಲು ಎಡಕ್ಕೆ ಸರಿದ. ಅವನ ಹಿಂದೆ ಮಹಾವೇಗದಲ್ಲಿದ್ದ ಪಿಯರ್ ಲೆವೆಗ್‌ನ ಮರ್ಸಿಡಿಸ್ ಡಿಕ್ಕಿ ಹೊಡೆದು ಪ್ರೇಕ್ಷಕರ ಕಡೆ ಹಾರಿತು. ಲೆವೆಗ್ ಜೊತೆ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಇದನ್ನು ಡ್ರಮ್ಮಿನ ತಪ್ಪು ಎನ್ನಲಾಗದು. ಲೆವೆಗ್‌ಗೆ ಸಮಯವೇ ಇರಲಿಲ್ಲ. ಪಿಟ್‌ಗೆ ಬೇರೆ ದಾರಿಯಿಲ್ಲದ ಆ ಇಕ್ಕಟ್ಟಾದ ರಸ್ತೆಯೂ ಕಾರಣ. ಆದರೂ ಆ ದಿನದ ವಿವರ ಓದಿದಾಗಲೆಲ್ಲ ನನಗೆ ಅನ್ನಿಸುವುದಿಷ್ಟು: ಒಂದೇ ರಸ್ತೆಯಲ್ಲಿ ಓಡುವವರ ವೇಗವನ್ನು ನಾವು ಹೋಲಿಸುತ್ತೇವೆ, ಅವರು ನಿಲ್ಲುವ ಶಕ್ತಿಯನ್ನು ಹೋಲಿಸುವುದು ಅನಾಹುತದ ನಂತರ.

ಡಿಸ್ಕ್ ಬಂದ ಮೇಲೂ ಬಿಸಿ ಸೋಲಲಿಲ್ಲ. 1960ರ ದಶಕದಲ್ಲಿ ಫೋರ್ಡ್ ಜಿಟಿ 40 ಭಾರವಾದ ಏಳು ಲೀಟರ್ ಎಂಜಿನ್ ಹೊತ್ತು ಲೆ ಮಾನ್ಸ್‌ಗೆ ಬಂದಾಗ ಡಿಸ್ಕುಗಳು ಕಾದು ಬಿರುಕು ಬಿಡುವುದೇ ದೊಡ್ಡ ತಲೆನೋವಾಯಿತು. ಫಿಲ್ ರೆಮಿಂಗ್ಟನ್ ಎಂಬ ಕುಶಲಿ, ಓಟದ ನಡುವೆಯೇ ಡಿಸ್ಕುಗಳನ್ನು ಸರಸರನೆ ಬದಲಿಸುವ ವ್ಯವಸ್ಥೆ ಮಾಡಿದ. 1966ರಲ್ಲಿ ಫೋರ್ಡ್ ಮೊದಲ ಮೂರು ಸ್ಥಾನ ಪಡೆಯಿತು.

ಹೀಗೆ ಗಾಳಿಕೊಳವೆ ರೇಸ್ ಕಾರಿನ ಅಂಗವಾಯಿತು. ಇದು ನನಗೆ ಬರೀ ಪುಸ್ತಕದ ವಿಷಯವಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟೆ ಟ್ರ್ಯಾಕಿನಲ್ಲಿ ನನ್ನ ಸಾಧಾರಣ ಕಾರನ್ನು ಓಡಿಸಿದಾಗ ನಾಲ್ಕನೇ ಸುತ್ತಿಗೆ ಪೆಡಲ್ ಹತ್ತಿಯಂತೆ ಮೆತ್ತಗಾಗಿತ್ತು. ಬ್ರೇಕ್ ದ್ರವ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆ, ಗುಳ್ಳೆಯಿದ್ದರೆ ಪೆಡಲ್ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಬೆಂಗಳೂರಿಗೆ ಬಂದು ದ್ರವ ಬದಲಿಸಿ, ಗೆಳೆಯನೊಬ್ಬನ ಶೆಡ್ಡಿನಲ್ಲಿ ಎರಡು ದಿನ ಕೂತು ಮುಂದಿನ ಚಕ್ರಗಳಿಗೆ ಡಕ್ಟ್ ಹಾಕಿದೆವು.

ಕೆಲಸ ಸರಳ, ತರ್ಕ ಸೂಕ್ಷ್ಮ. ಬಂಪರಿನ ಮುಂಭಾಗದಲ್ಲಿ ಗಾಳಿಯ ಒತ್ತಡ ಹೆಚ್ಚು. ಫಾಗ್ ಲ್ಯಾಂಪಿನ ಜಾಗವೇ ಬಾಯಿಯಾಯಿತು. ಅಲ್ಲಿಂದ ಬಿಸಿ ತಡೆಯುವ ಸಿಲಿಕಾನ್ ಲೇಪನದ ಕೊಳವೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದರೂ ಟೈರು ಅದನ್ನು ಉಜ್ಜಬಾರದು. ಗಾಳಿಯನ್ನು ಡಿಸ್ಕಿನ ಮುಖಕ್ಕೆ ಊದಿದರೆ ಒಂದು ಬದಿ ತಣ್ಣಗಾಗಿ ಇನ್ನೊಂದು ಕಾದು ಬಿರುಕಿಗೆ ದಾರಿಯಾಗುತ್ತದೆ. ಅದನ್ನು ನಡುಭಾಗಕ್ಕೆ ಕೊಡಬೇಕು. ಎರಡು ಪದರಗಳ ನಡುವೆ ಸಂದುಗಳಿರುವ ಡಿಸ್ಕ್ ತಿರುಗುವಾಗ ತಾನೇ ಪಂಪಿನಂತೆ ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಹೊರಗೆಸೆಯುತ್ತದೆ. ಕಮ್ಮಾರನ ತಿದಿ ನೆನಪಾಯಿತು: ಅಲ್ಲಿ ಊದಿದ ಗಾಳಿ ಬೆಂಕಿಯನ್ನು ಏರಿಸುತ್ತದೆ, ಇಲ್ಲಿ ಇಳಿಸುತ್ತದೆ. ಮತ್ತೆ ಟ್ರ್ಯಾಕಿಗೆ ಹೋದಾಗ ಹತ್ತನೇ ಸುತ್ತಿನಲ್ಲೂ ಪೆಡಲ್ ಗಟ್ಟಿಯಾಗಿತ್ತು. ಇದರಲ್ಲಿ ಹೊಸ ದ್ರವದ ಪಾಲೂ ಇದೆ. ಡಕ್ಟಿನ ಬಾಯಿ ಕಲ್ಲು, ನೀರು, ಧೂಳನ್ನೂ ನುಂಗುವುದರಿಂದ ಊರಿನಲ್ಲಿ ಓಡಿಸುವಾಗ ಅದನ್ನು ಮುಚ್ಚಿಡುತ್ತೇನೆ.

ಇಷ್ಟು ಸಣ್ಣ ತೂತು ರಾಜಕೀಯವನ್ನೂ ಕಂಡಿದೆ. 1982ರ ಮಾರ್ಚಿನಲ್ಲಿ ಬ್ರೆಜಿಲ್ ಗ್ರಾನ್ ಪ್ರಿಯಲ್ಲಿ ಬ್ರಾಬಮ್ ಮತ್ತು ವಿಲಿಯಮ್ಸ್ ಕಾರುಗಳು ಬ್ರೇಕ್ ತಣಿಸಲೆಂದು ನೀರಿನ ಟ್ಯಾಂಕ್ ಹೊತ್ತಿದ್ದವು. ನೀರು ಓಟದ ಆರಂಭದಲ್ಲೇ ಹೊರಬೀಳುತ್ತಿತ್ತು. ಕಾರು 580 ಕಿಲೋ ಕನಿಷ್ಠ ತೂಕಕ್ಕಿಂತ ಹಗುರಾಗಿ ಓಡಿ, ತೂಗುವ ಮುನ್ನ ಮತ್ತೆ ನೀರು ತುಂಬಿಸಿಕೊಳ್ಳುತ್ತಿತ್ತು. ಗೆದ್ದ ಪಿಕೆ, ಎರಡನೆಯವನಾದ ರಾಸ್ಬರ್ಗ್ ಇಬ್ಬರೂ ಅನರ್ಹರಾದರು; ಗೆಲುವು ಆಲನ್ ಪ್ರಾಸ್ಟ್ ಪಾಲಾಯಿತು. ಅದನ್ನು ಪ್ರತಿಭಟಿಸಿ ಹಲವು ತಂಡಗಳು ದೂರ ಉಳಿದ ಕಾರಣ ಇಮೋಲಾದ ಓಟದಲ್ಲಿ 14 ಕಾರುಗಳಷ್ಟೇ ಇದ್ದವು. 2020ರಲ್ಲಿ ಮರ್ಸಿಡಿಸ್‌ನ ಹಿಂಬದಿ ಬ್ರೇಕ್ ಡಕ್ಟಿನ ವಿನ್ಯಾಸ ಬಳಸಿದ್ದಕ್ಕೆ ರೇಸಿಂಗ್ ಪಾಯಿಂಟ್ ತಂಡ 15 ಅಂಕಗಳನ್ನೂ ನಾಲ್ಕು ಲಕ್ಷ ಯೂರೋಗಳನ್ನೂ ತೆತ್ತಿತು.

ಕಣ್ಣಿಗೆ ಬೀಳದ ತೂತಿಗಾಗಿ ಇಷ್ಟು ಜಗಳ ಏಕೆ? ಡಕ್ಟ್ ಕಾರಿಗೆ ಒಂದು ಅಶ್ವಶಕ್ತಿಯನ್ನೂ ಸೇರಿಸುವುದಿಲ್ಲ. ಅದು ಕೊಡುವುದು, ಮುಂದಿನ ತಿರುವಿನಲ್ಲೂ ಬ್ರೇಕು ಹಿಡಿಯುತ್ತದೆ ಎಂಬ ನಂಬಿಕೆ. ಆ ನಂಬಿಕೆ ಇದ್ದವನು ತಡವಾಗಿ ಬ್ರೇಕ್ ಒತ್ತಬಲ್ಲ. 1953ರಲ್ಲಿ ಜಾಗ್ವಾರ್ ಗೆದ್ದದ್ದು ಹಾಗೆ. ಎಂಜಿನ್ನಿನ ಚರಿತ್ರೆ ಬರೆಯುವವರು ಅದರ ಪಕ್ಕದಲ್ಲೇ ಈ ಬಿಸಿಯ ಲೆಕ್ಕವನ್ನೂ ಇಡಬೇಕು.