ಜಪಾನಿ ಮತ್ತು ಲಾವೊ ಸಂಖ್ಯಾವಾಚಕಗಳು: ಮೂಲ ಒಂದು, ಎರವಲಿನ ಕಾಲ ಬೇರೆ

ಲಾವೊ ಭಾಷೆಯಲ್ಲಿ ಐದಕ್ಕೆ ‘ಹಾ’, ಆರಕ್ಕೆ ‘ಹೊಕ್’. ಜಪಾನಿಯಲ್ಲಿ ಇವು ‘ಗೊ’ ಮತ್ತು ‘ರೊಕು’. ಈ ಲೇಖನದ ವಾದ ನಿಂತಿರುವುದು ಈ ನಾಲ್ಕು ಪದಗಳ ಮೇಲೆ. ಉಳಿದ ಹಲವು ಸಂಖ್ಯೆಗಳಲ್ಲಿ ಎರಡು ಭಾಷೆಗಳ ಸಾಮ್ಯ ಎದ್ದು ಕಾಣುತ್ತದೆ: ಮೂರಕ್ಕೆ ಜಪಾನಿ ‘ಸನ್’, ಲಾವೊ ‘ಸಾಮ್’, ನಾಲ್ಕಕ್ಕೆ ‘ಶಿ’, ‘ಸೀ’, ಏಳಕ್ಕೆ ‘ಶಿಚಿ’, ‘ಚೆತ್’, ಹತ್ತಕ್ಕೆ ‘ಜೂ’, ‘ಸಿಪ್’. ವ್ಯಾಕರಣದಲ್ಲಿ ಇವು ಒಂದಕ್ಕೊಂದು ದೂರದ ಭಾಷೆಗಳು. ಕನ್ನಡದಂತೆ ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಪ್ರತ್ಯಯಗಳು ಒಂದರ ಹಿಂದೊಂದು ಸೇರುತ್ತವೆ. ಲಾವೊದಲ್ಲಿ ಕ್ರಿಯಾಪದ ಕರ್ಮಕ್ಕಿಂತ ಮೊದಲು, ವಿಭಕ್ತಿಯಿಲ್ಲ, ಕಾಲಪ್ರತ್ಯಯವಿಲ್ಲ, ತಾನ ಬದಲಾದರೆ ಪದವೇ ಬೇರೆಯಾಗುತ್ತದೆ. ಎಣಿಸುವಾಗ ಎರಡಕ್ಕೂ ವರ್ಗಕ ಪದ ಬೇಕು ಎಂಬುದು ನಿಜ. ಆದರೆ ಆ ಲಕ್ಷಣ ಪೂರ್ವ ಏಷ್ಯಾದ ಉದ್ದಗಲಕ್ಕೂ ಹಬ್ಬಿರುವುದರಿಂದ ಇಲ್ಲಿ ಅದು ಏನನ್ನೂ ಸಾಧಿಸುವುದಿಲ್ಲ.

ಪೂರ್ವಸೂರಿಗಳ ವಿಷಯವನ್ನು ಬೇಗ ಮುಗಿಸಬಹುದು. ಪಾಲ್ ಬೆನೆಡಿಕ್ಟ್ 1942ರಲ್ಲಿ ತಾಯ್ ಭಾಷೆಗಳನ್ನು ಆಸ್ಟ್ರೊನೇಷಿಯನ್ ಬಳಗದೊಂದಿಗೆ ಜೋಡಿಸಿದರು. 1975ರಲ್ಲಿ ಆ ವಾದವನ್ನು ವಿಸ್ತರಿಸಿದರು. 1990ರ ಗ್ರಂಥದಲ್ಲಿ ಜಪಾನಿಯನ್ನೂ ಅದೇ ಕುಟುಂಬಕ್ಕೆ ಸೇರಿಸಿದರು. ಅಲೆಕ್ಸಾಂಡರ್ ವೊವಿನ್ 1994ರಲ್ಲಿ ಈ ಕೊನೆಯ ಹೆಜ್ಜೆಯನ್ನು ತಿರಸ್ಕರಿಸಿದರು: ಧ್ವನಿಸಂವಾದಗಳು ನಿಯತವಾಗಿಲ್ಲ ಎಂಬುದು ಅವರ ಮುಖ್ಯ ಆಕ್ಷೇಪ. ಜಪಾನಿಗೆ ತಮಿಳಿನ ನಂಟನ್ನು ಹುಡುಕಿದ ಸುಸುಮು ಓನೊ ಅವರ ಪ್ರಯತ್ನವೂ ಇಂಥದೇ ಆಕ್ಷೇಪಕ್ಕೆ ಗುರಿಯಾದದ್ದು ದ್ರಾವಿಡ ಭಾಷಾಧ್ಯಯನ ಬಲ್ಲವರಿಗೆ ಗೊತ್ತಿದೆ.

ಬೆನೆಡಿಕ್ಟ್ ಅವರಿಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ತಾಯ್ ಸಂಖ್ಯೆಗಳು ಚೀನೀ ಎರವಲುಗಳೆಂದು ಅವರಿಗೆ ತಿಳಿದಿತ್ತು. ಅವರು ಆಧರಿಸಿದ್ದು ದಕ್ಷಿಣ ಚೀನಾ–ವಿಯೆಟ್ನಾಂ ಗಡಿಯ ಕ್ರಾ ಭಾಷೆಗಳನ್ನು. ಅಲ್ಲಿ ಐದಕ್ಕೆ ‘ಮ’, ಆರಕ್ಕೆ ‘ನಮ್’ ಬಗೆಯ ರೂಪಗಳು ಉಳಿದಿದ್ದು, ಆಸ್ಟ್ರೊನೇಷಿಯನ್ ‘ಲಿಮ’, ‘ಎನೆಮ್’ಗಳಿಗೆ ಹೊಂದುತ್ತವೆ. ಆದರೆ ಇದೇ ಸಾಕ್ಷ್ಯ ಅವರ ಜಪಾನಿ ವಾದಕ್ಕೆ ತೊಡಕು. ಜಪಾನಿ ತನ್ನ ದೇಶ್ಯ ಸಂಖ್ಯೆಗಳನ್ನು ಕಳೆದುಕೊಂಡಿಲ್ಲ. ‘ಹಿತೊ, ಫುತ, ಮಿ, ಯೊ, ಇತ್ಸು, ಮು’ ಎಂದು ಅವು ಚೀನೀ ಸಾಲಿನ ಪಕ್ಕದಲ್ಲೇ ಬಾಳುತ್ತಿವೆ. ಒಂದು ಸಂಖ್ಯೆಯ ಸ್ವರ ಬದಲಾಯಿಸಿದರೆ ಅದರ ಇಮ್ಮಡಿ ಹುಟ್ಟುವ ವ್ಯವಸ್ಥೆ ಅಲ್ಲಿದೆ: ಹಿತೊ–ಫುತ, ಮಿ–ಮು, ಯೊ–ಯ. 18ನೆಯ ಶತಮಾನದ ವಿದ್ವಾಂಸ ಓಗ್ಯೂ ಸೊರಾಯ್ ಇದನ್ನು ಗಮನಿಸಿದ್ದ. ಕ್ರಾ ಸಾಲಿನಲ್ಲಾಗಲಿ ಆಸ್ಟ್ರೊನೇಷಿಯನ್ ಸಾಲಿನಲ್ಲಾಗಲಿ ಇಂಥ ಜೋಡಿಗಳಿಲ್ಲ.

ಹಾಗಾದರೆ ‘ಸನ್–ಸಾಮ್’ ಸಾಮ್ಯ ಚೀನೀ ಭಾಷೆಯಿಂದ ಬಂದದ್ದು. ಇದರಲ್ಲಿ ಯಾರಿಗೂ ತಕರಾರಿಲ್ಲ. ನನ್ನ ತಕರಾರು ಇದರ ಬೆನ್ನಿಗೇ ಬರುವ, ಪರೀಕ್ಷೆಗೊಳಗಾಗದ ಊಹೆಯ ಬಗ್ಗೆ: ಎರಡೂ ಸಾಲುಗಳು ಒಂದೇ ಚೀನೀ ಸಾಲಿನ ಎರಡು ಪ್ರತಿಗಳು, ಲಾವೊ ಅಂತ್ಯವ್ಯಂಜನಗಳನ್ನು ಉಳಿಸಿಕೊಂಡಿತು, ಜಪಾನಿ ಸವೆಸಿತು, ಅಷ್ಟೇ ವ್ಯತ್ಯಾಸ ಎಂಬ ಊಹೆ.

ಹಲವು ಪದಗಳಿಗೆ ಈ ವಿವರಣೆ ಸಾಕು. ಹತ್ತರ ‘ಜೂ’ ಹಿಂದೆ ‘ಜಿಪು’ ಆಗಿತ್ತು. ಲಾವೊ ‘ಸಿಪ್’ನಲ್ಲಿ ಆ ಪಕಾರ ಇನ್ನೂ ಕೇಳುತ್ತದೆ. ಎಂಟರ ‘ಹಚಿ’ಯ ಹಕಾರವೂ ಹಳೆಯ ಪಕಾರವೇ. 1603ರಲ್ಲಿ ನಾಗಸಾಕಿಯಲ್ಲಿ ಜೆಸ್ವಿಟರು ಅಚ್ಚು ಹಾಕಿದ ಜಪಾನಿ–ಪೋರ್ಚುಗೀಸ್ ನಿಘಂಟು ಇಂಥ ಪದಗಳನ್ನು ಫಕಾರದಿಂದ ಬರೆಯುತ್ತದೆ. ‘ಪತ್ತು’ ‘ಹತ್ತು’ ಆದದ್ದನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರರ ಮಕಾರ ಕೂಡ ಜಪಾನಿಯಲ್ಲಿ ಪೂರ್ತಿ ಅಳಿದಿಲ್ಲ: ‘ಸನ್’ ಮತ್ತು ಸ್ಥಾನ ಎಂಬರ್ಥದ ‘ಇ’ ಸೇರಿದರೆ ‘ಸನ್‌ಇ’ ಆಗದೆ ‘ಸನ್‌ಮಿ’ ಆಗುತ್ತದೆ. ಜಪಾನಿ ‘ಇಚಿ’, ‘ನಿ’ಗಳ ಜೋಡಿಗಳೂ ಲಾವೊದಲ್ಲಿ ಅವಿತಿವೆ. ಒಂದಕ್ಕೆ ಬಿಡಿ ಪದ ‘ನುಂಗ್’ ಆದರೂ ಹನ್ನೊಂದು ‘ಸಿಪ್ ಎತ್’. ಎರಡು ‘ಸೋಂಗ್’ ಆದರೂ ಸಾಂಪ್ರದಾಯಿಕ ಪಂಚಾಂಗದ ಎರಡನೆಯ ತಿಂಗಳು ‘ದುವನ್ ಞೀ’.

ಐದು ಮತ್ತು ಆರು ಮಾತ್ರ ಈ ವಿವರಣೆಗೆ ಒಗ್ಗುವುದಿಲ್ಲ. 601ರ ‘ಚಿಯೆಯುನ್’ ಕೋಶ ದಾಖಲಿಸುವ ಮಧ್ಯಕಾಲೀನ ಚೀನೀ ಉಚ್ಚಾರದಲ್ಲಿ ಐದು ‘ಙು’ ಅಥವಾ ‘ಙೊ’ಗೆ ಹತ್ತಿರ. ಅದರಿಂದ ಜಪಾನಿ ‘ಗೊ’ ಬರುವುದು ಸಹಜ, ‘ಹಾ’ ಬರಲಾರದು. ಆದರೆ ಪ್ರಾಚೀನ ಚೀನಿಯಲ್ಲಿ ಈ ವರ್ಗದ ಪದಗಳ ಸ್ವರ ಆಕಾರವೇ ಆಗಿತ್ತು. ಇದಕ್ಕೆ ಹೊರಗಿನ ಸಾಕ್ಷ್ಯವೂ ಇದೆ. ‘ಬುದ್ಧ’ ಎಂಬ ಹೆಸರನ್ನು ಚೀನೀಯರು ಮೊದಲು ಬರೆದ ಎರಡಕ್ಷರಗಳ ರೂಪ ಕ್ರಿ.ಶ. 65ರ ರಾಜಾಜ್ಞೆಯೊಂದರಲ್ಲಿ ಸಿಗುತ್ತದೆ. ಅದರ ಎರಡನೆಯ ಅಕ್ಷರ ‘ಐದು’ ಪದದ ಪ್ರಾಸವರ್ಗಕ್ಕೇ ಸೇರಿದ್ದು. ಮಧ್ಯಕಾಲದಲ್ಲಿ ಅದರ ಉಚ್ಚಾರ ‘ದು’ವಾದರೂ ‘ದ್ಧ’ಕ್ಕೆ ಅದನ್ನು ಆರಿಸಿಕೊಂಡಿದ್ದರು. ಇದೊಂದನ್ನೇ ನೆಚ್ಚುವಂತಿಲ್ಲ. ಆಜ್ಞೆಯ ಪಠ್ಯ ನಮಗೆ ಉಳಿದಿರುವುದು 5ನೆಯ ಶತಮಾನದಲ್ಲಿ ಫಾನ್ ಯೆ ರಚಿಸಿದ ಇತಿಹಾಸದಲ್ಲಿ. ಮೇಲಾಗಿ ಆ ಹೆಸರು ಸಂಸ್ಕೃತದಿಂದ ನೇರವಾಗಿ ಬರದೆ, ಓಕಾರಾಂತ ರೂಪವಿದ್ದ ಬ್ಯಾಕ್ಟ್ರಿಯನ್ ಮೂಲಕ ಬಂದಿರಬಹುದೆಂದು ಚಿ ಶಿಯೆನ್‌ಲಿನ್ ವಾದಿಸಿದ್ದರು. ಹಾಗಾಗಿ ಪಶ್ಚಿಮ ಹಾನ್ ಕಾಲದ ಇನ್ನೊಂದು ಹೆಸರು ಹೆಚ್ಚು ಬೆಲೆಯುಳ್ಳದ್ದು. ಅಲೆಕ್ಸಾಂಡ್ರಿಯ ಎಂದು ಗುರುತಿಸಲಾಗಿರುವ ಆ ಸ್ಥಳನಾಮದ ಮೊದಲ ‘ಅ’ಕ್ಕೆ ಬಳಸಿದ ಅಕ್ಷರವೂ ಇದೇ ಪ್ರಾಸವರ್ಗದ್ದು.

ಆರರದು ವ್ಯಂಜನದ ಪ್ರಶ್ನೆ. ಮಧ್ಯಕಾಲೀನ ರೂಪ ಘೋಷ ಲಕಾರದಿಂದ ಮೊದಲಾಗುತ್ತಿತ್ತು. ಲಕಾರವಿಲ್ಲದ ಜಪಾನಿ ಅದನ್ನು ರಕಾರವಾಗಿಸಿ ‘ರೊಕು’ ಎಂದಿತು. ಲಾವೊ ಆ ಹಂತದಲ್ಲಿ ಪಡೆದಿದ್ದರೆ ಲಕಾರವೇ ಉಳಿಯಬೇಕಿತ್ತು. ಲಾವೊ ಲಿಪಿಯಲ್ಲಿ ಎರಡು ಹಕಾರಗಳಿವೆ: ಒಂದು ಹಳೆಯ ಘೋಷ ರಕಾರದಿಂದ ಬಂದ ಕೆಳವರ್ಗದ್ದು, ಇನ್ನೊಂದು ಅಘೋಷ ಮೂಲದ ಮೇಲ್ವರ್ಗದ್ದು. ‘ಹೊಕ್’ ಬರೆಯುವುದು ಮೇಲ್ವರ್ಗದ ಹಕಾರದಿಂದ. ತಾನವೂ ಅದಕ್ಕೆ ತಕ್ಕದ್ದು. ಸೋದರ ಭಾಷೆ ಝುವಾಂಗ್‌ನಲ್ಲಿ ಆರು ರಕಾರದಿಂದ ಮೊದಲಾಗುತ್ತದೆ. ಎರಡನ್ನೂ ವಿವರಿಸಬೇಕಾದರೆ ಮೂಲ ತಾಯ್‌ನಲ್ಲಿ ‘ಕ್ರೊಕ್’ನಂಥ ಅಘೋಷ ಸಂಯುಕ್ತವನ್ನು ಒಪ್ಪಬೇಕು. ಬ್ಯಾಕ್ಸ್ಟರ್ ಮತ್ತು ಸಗಾರ್ 2014ರಲ್ಲಿ ಪ್ರಾಚೀನ ಚೀನೀ ರೂಪಕ್ಕೂ ಮೊದಲಲ್ಲಿ ಕಕಾರವನ್ನು ಕಲ್ಪಿಸಿದ್ದಾರೆ. ಇಲ್ಲಿ ಚಕ್ರಕ ದೋಷದ ಭಯವಿದೆ: ಇಂಥ ಪುನಾರಚನೆಗಳಲ್ಲಿ ತಾಯ್ ರೂಪಗಳೂ ಆಧಾರವಾಗಿರುತ್ತವೆ. ಆದರೆ ಚೀನಿಯ ಉತ್ತರ ಮಿನ್ ಉಪಭಾಷೆಗಳ ಬಲದಿಂದ ಜೆರಿ ನಾರ್ಮನ್ ಇದೇ ಪದಕ್ಕೆ ಅಘೋಷ ಲಕಾರವನ್ನು ಊಹಿಸಿದ್ದು ತಾಯ್‌ನ ಹಂಗಿಲ್ಲದ ಸಾಕ್ಷ್ಯ.

ಇಷ್ಟರಿಂದ ನಾನು ಹೇಳಬಯಸುವುದು ಇದು: ಲಾವೊದ ‘ಹಾ’ ಮತ್ತು ‘ಹೊಕ್’, ಜಪಾನಿಯ ‘ಗೊ’ ಮತ್ತು ‘ರೊಕು’ಗಳಿಗೆ ಆಕರವಾದ ಚೀನೀ ಹಂತಕ್ಕಿಂತ ಹಳೆಯ ಹಂತದಿಂದ ಬಂದವು. ಜಪಾನಿಯ ಈ ಸಾಲಿನ ಹಳೆಯ ಪದರವನ್ನು ಸುಮಾರು 5–6ನೆಯ ಶತಮಾನಕ್ಕೆ ಹಾಕುವುದು ರೂಢಿ. ಅದಕ್ಕಿಂತ ಎಷ್ಟು ಹಿಂದೆ ಎಂದು ಧ್ವನಿಸಾಕ್ಷ್ಯವೊಂದರಿಂದಲೇ ಹೇಳಲಾಗದು. ಇದು ಸಾಪೇಕ್ಷ ಕಾಲಮಾನ ಮಾತ್ರ. ಚೀನಾದ ದಕ್ಷಿಣದ ಆಡುಮಾತುಗಳು ಹಳೆಯ ಆಕಾರವನ್ನು ತಡವಾಗಿ ಬಿಟ್ಟಿರುವ ಸಾಧ್ಯತೆಯೂ ಇದೆ. ಹಾಗಿದ್ದಲ್ಲಿ ಅಂತರ ಕಾಲದ್ದಾಗುವುದಕ್ಕಿಂತ ಪ್ರದೇಶದ್ದಾಗುತ್ತದೆ. ಆರರ ಸಾಕ್ಷ್ಯ ಈ ಪರ್ಯಾಯಕ್ಕೆ ಅಷ್ಟಾಗಿ ಎಡೆಗೊಡದಿದ್ದರೂ ಐದರದು ಕೊಡುತ್ತದೆ. ಐದರಲ್ಲಿ ಇನ್ನೊಂದು ತೊಡಕೂ ಇದೆ: ‘ಹಾ’ದ ಹಕಾರ ಙಕಾರದಿಂದ ನೇರವಾಗಿ ಬರಲಾರದು, ಹಿಂದೊಂದು ಅಘೋಷ ಪೂರ್ವವರ್ಣ ಇತ್ತೆಂದು ಒಪ್ಪಿದಾಗ ಮಾತ್ರ ಸರಿಹೋಗುತ್ತದೆ.

ಪಿತ್ತಾಯಾವತ್ ಪಿತ್ತಾಯಾಪಾರ್ನ್ 2014ರಲ್ಲಿ ನೈಋತ್ಯ ತಾಯ್‌ನ ಚೀನೀ ಎರವಲುಗಳನ್ನು ಪದರ ಪದರವಾಗಿ ಬಿಡಿಸಿ ತೋರಿಸಿದ್ದಾರೆ. ಅದೇ ರೀತಿ ಲಾವೊ ಸಂಖ್ಯೆಗಳನ್ನೂ ಹಳೆಯ ‘ಹಾ, ಹೊಕ್’, ಹೊಸ ‘ಎತ್, ಞೀ’ ಎಂದು ಎರಡು ಪದರಗಳಾಗಿ ಸೀಳುವ ಆಸೆ ಹುಟ್ಟುತ್ತದೆ. ಆದರೆ ಚೀನಿಯಲ್ಲಿ ಒಂದು ಮತ್ತು ಏಳು ಒಂದೇ ಪ್ರಾಸದವು. ಲಾವೊದಲ್ಲೂ ‘ಎತ್’ ಮತ್ತು ‘ಚೆತ್’ ಪ್ರಾಸ ಕೂಡುತ್ತವೆ. ‘ಎತ್’ ಹೊಸದಾದರೆ ‘ಚೆತ್’ ಕೂಡ ಹೊಸದಾಗಬೇಕು; ಅಂದರೆ ಆರಕ್ಕೂ ಏಳಕ್ಕೂ ನಡುವೆ ಶತಮಾನಗಳ ಅಂತರವಿರಬೇಕು. ಅದನ್ನು ನಂಬುವುದು ಕಷ್ಟ. ತಾನಗಳೂ ಒಡಕಿಗೆ ಆಸ್ಪದ ಕೊಡುವುದಿಲ್ಲ. ಚೀನಿಯ ಏರುತಾನದ ಐದು ಮತ್ತು ಒಂಬತ್ತು ಲಾವೊದಲ್ಲಿ ‘ಮಾಯ್ ಥೊ’ ಚಿಹ್ನೆ ಪಡೆಯುತ್ತವೆ. ಬೇರೆ ತಾನವರ್ಗದ ನಾಲ್ಕು ‘ಮಾಯ್ ಏಕ್’ ಪಡೆಯುತ್ತದೆ. (ಚೀನೀ ತಾನಗಳ ಗುರುತನ್ನು ಉಳಿಸಿಕೊಟ್ಟ ಚಿಹ್ನೆಗಳ ಹೆಸರುಗಳು ಭಾರತೀಯ ಸಂಖ್ಯಾಪದಗಳು ಎಂಬುದು ಲಾವೊ ಲಿಪಿಯ ಸ್ವಾರಸ್ಯ.) ಹಾಗಾಗಿ ಬಿಡಿ ಸಂಖ್ಯೆಗಳ ಸಾಲು ಒಟ್ಟಾಗಿ ಹಳೆಯದು ಎಂಬ ಕಡೆಗೆ ನಾನು ವಾಲುತ್ತೇನೆ. ‘ಞೀ’ಯನ್ನು ಮಾತ್ರ, ಅದು ಪಂಚಾಂಗದೊಂದಿಗೆ ಬಂದಿರಬಹುದಾದ್ದರಿಂದ, ಸದ್ಯಕ್ಕೆ ಹೊರಗಿಡುತ್ತೇನೆ.

ತೀರ್ಮಾನವಾಗದೆ ಉಳಿಯುವುದು ‘ನುಂಗ್’. ಚೀನಿಯಲ್ಲಿ ಅದಕ್ಕೆ ಒಪ್ಪಬಹುದಾದ ಮೂಲ ಕಾಣುವುದಿಲ್ಲ. ಲಾವೊದಲ್ಲಿ ಮೂರು ನಾಯಿಗಳೆಂದರೆ ‘ಮಾ ಸಾಮ್ ತೊ’, ಸಂಖ್ಯೆ ವರ್ಗಕಕ್ಕಿಂತ ಮೊದಲು. ಒಂದು ನಾಯಿ ಮಾತ್ರ ‘ಮಾ ತೊ ನುಂಗ್’ ಆಗಬಲ್ಲದು. ಝುವಾಂಗ್‌ನಲ್ಲೂ ಒಂದು ಎಂಬ ಪದ ವರ್ಗಕದ ನಂತರವೇ ಬರುತ್ತದೆ. ಆದರೆ ಅಲ್ಲಿನ ಪದ ‘ನುಂಗ್’ಗೆ ಸಂಬಂಧಿಸಿದ್ದಲ್ಲ, ಒಂಟಿ ಎಂಬರ್ಥದ ಲಾವೊ ‘ದಿಯಾವ್’ನ ಜ್ಞಾತಿಪದ. ಸ್ಥಾನ ಎರಡರಲ್ಲೂ ಉಳಿದು ಪದ ಬೇರೆಯಾದದ್ದು ಹೇಗೆ, ಚೀನೀ ಸಾಲು ಬರುವ ಮೊದಲು ಆ ಜಾಗದಲ್ಲಿ ಇದ್ದದ್ದು ಇವೆರಡರಲ್ಲಿ ಯಾವುದು ಎಂಬುದನ್ನು ನಿರ್ಧರಿಸಲು ಮಧ್ಯ ಮತ್ತು ಉತ್ತರ ತಾಯ್ ಉಪಭಾಷೆಗಳ ರೂಪಗಳನ್ನು ಪ್ರತ್ಯೇಕವಾಗಿ ಹೋಲಿಸಿ ನೋಡಬೇಕು.